ಖಂಡಸ್ಫುಟಿತ ಜೀರ್ಣೋದ್ಧಾರ: ವಿಜಾಪುರದ ಅರಕಿಲ್ಲೆಯ ಹಳೆಯ ಕಟ್ಟಡಗಳ ಮರುಬಾಳು

ಕನ್ನಡ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಅಪರಿಚಿತವಾದದ್ದಲ್ಲ. ಅರಸರಾಗಲಿ, ಮಂಡಲೇಶ್ವರರಾಗಲಿ, ಊರ ಗಾವುಂಡರಾಗಲಿ ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ ಅಂಗಭೋಗ ರಂಗಭೋಗಗಳಿಗೆಂದೂ, ತಪೋಧನರ ಆಹಾರದಾನಕ್ಕೆಂದೂ ಹೇಳಿ, ಅದರ ಜೊತೆಯಲ್ಲಿಯೇ ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವದಕ್ಕೆಂದು ಈ ಮಾತನ್ನು ಸೇರಿಸುವದು ರೂಢಿಯಾಗಿತ್ತು. ಅಂಥ ಶಾಸನಗಳ ಕೊನೆಯಲ್ಲಿ, ತಾನು ದಾನ ಕೊಡುವದಕ್ಕಿಂತಲೂ ಹಿಂದಿನವರು ಕೊಟ್ಟದ್ದನ್ನು ಕಾಯುವದು ಮಿಗಿಲಾದದ್ದೆಂಬ ಅಭಿಪ್ರಾಯವೂ ಅನೇಕ ಕಡೆ ಕಾಣಬರುವದು. ಇದರಿಂದ ನಮ್ಮ ಪೂರ್ವಿಕರ ದೂರದೃಷ್ಟಿಯು ವ್ಯಕ್ತವಾಗುತ್ತದೆ. ಕಟ್ಟಡವನ್ನು ಕಟ್ಟಿಸಿದ ದಿನದಿಂದಲೇ ಅದರ ಜೀರ್ಣದೆಶೆಯು ಆರಂಭವಾಗುವದೆಂಬದನ್ನು ಅವರು ಬಲ್ಲವರಾಗಿದ್ದರು. ಅದಕ್ಕೆ ತಕ್ಕ ಉತ್ಪನ್ನವನ್ನೂ ಅದನ್ನು ನೋಡಿಕೊಳ್ಳುವ ಜನರನ್ನೂ ಮೊದಲೇ ಗೊತ್ತುಮಾಡಿ ಇಡುತ್ತಿದ್ದರು. ಈ ಏರ್ಪಾಡು ತಪ್ಪಿದ ಊರಿನಲ್ಲಿ ಏನಾಗುವದು, ತಪ್ಪಿದ ಮೇಲೆ ಅದನ್ನು ಮತ್ತೆ ಹೇಗೆ ಹಿಡಿಯಬಹುದು ಎಂಬ ಎರಡು ಪ್ರಶ್ನೆಗಳಿಗೆ ವಿಜಾಪುರದಷ್ಟು ಸ್ಪಷ್ಟವಾಗಿ ಉತ್ತರ ಹೇಳುವ ಊರು ನಮ್ಮ ನಾಡಿನಲ್ಲಿ ವಿರಳ. 2014ರಿಂದ ಸರಕಾರದ ಕಾಗದಗಳಲ್ಲಿ ವಿಜಯಪುರವೆಂದು ಬರೆಯಲ್ಪಡುವ ಈ ನಗರದ ಕಥೆಯನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶವು.

ವಿಜಾಪುರದ ಸುತ್ತಲೂ ಆರು ಮೈಲಿಗೂ ಮಿಕ್ಕಿದ ಕೋಟೆಯ ಗೋಡೆ ಇರುವದು. ಅದರೊಳಗೆ, ಊರಿನ ನಟ್ಟನಡುವೆ, ಸುಮಾರು ಒಂದು ಮೈಲಿ ಸುತ್ತಳತೆಯ ಒಳಗೋಟೆಯುಂಟು. ಅದಕ್ಕೆ ಅರಕಿಲ್ಲೆಯೆಂದು ಹೆಸರು. ಹದಿನೈದನೆಯ ಶತಮಾನದ ಕೊನೆಯಿಂದ 1686ರ ವರೆಗೆ ಆಳಿದ ಆದಿಲಶಾಹಿ ಸುಲ್ತಾನರ ಅರಮನೆಗಳೂ, ಸಭಾಮಂದಿರಗಳೂ ಇಲ್ಲಿಯೇ ಇದ್ದವು. ಒಂದನೆಯ ಅಲಿ ಆದಿಲಶಹನು 1561ರ ಸುಮಾರಿಗೆ ಕಟ್ಟಿಸಿದ ಗಗನಮಹಲಿನ ನಡುಗಮಾನು ಅರವತ್ತು ಅಡಿಗೂ ಹೆಚ್ಚು ಅಗಲವಾಗಿದ್ದು, ಇಂದಿಗೂ ನೋಡುವವರನ್ನು ಬೆರಗುಗೊಳಿಸುವದು. ಎರಡನೆಯ ಇಬ್ರಾಹಿಮನ ಕಾಲದ ಸಾತಮಂಜಿಲು ಮತ್ತು ಆನಂದಮಹಲು, ಮಹಮ್ಮದ ಆದಿಲಶಹನು ನ್ಯಾಯಸಭೆಗೆಂದು ಕಟ್ಟಿಸಿದ ಅಸಾರಮಹಲು, ಚೀನೀಮಹಲು ಮೊದಲಾದವುಗಳು ಕೆಲವು ಒಳಗೋಟೆಯ ಒಳಗೂ ಕೆಲವು ಅದರ ಅಂಚಿನಲ್ಲಿಯೂ ಇರುವವು. ಊರಿನ ಮೂಡಣ ಭಾಗದಲ್ಲಿ ಜಗತ್ಪ್ರಸಿದ್ಧವಾದ ಗೋಲಗುಂಬಜವು ನಿಂತಿರುವದು. ಒಂದೊಂದು ಪಾರ್ಶ್ವವೂ 135 ಅಡಿಯಾದ ಚಚ್ಚೌಕದ ಅಂಗಣವನ್ನು, ಅಂದರೆ 18,225 ಚದರಡಿಯ ನೆಲವನ್ನು, ನಡುವೆ ಒಂದೂ ಕಂಬವಿಲ್ಲದೆ ಮುಚ್ಚಿದ ಆ ಗುಮ್ಮಟದ ವರ್ಣನೆಯನ್ನು ಇಲ್ಲಿ ವಿಸ್ತರಿಸುವ ಕಾರಣವಿಲ್ಲ.

1686ರಲ್ಲಿ ಔರಂಗಜೇಬನು ದೀರ್ಘವಾದ ಮುತ್ತಿಗೆಯ ತರುವಾಯ ಊರನ್ನು ಹಿಡಿದನು. ಕಡೆಯ ಸುಲ್ತಾನನಾದ ಸಿಕಂದರನು ಸೆರೆಯಾದನು. ಅಂದಿನಿಂದ ಅರಕಿಲ್ಲೆಯ ಅರಮನೆಗಳಿಗೆ ಒಡೆಯರಿಲ್ಲದೆ ಹೋಯಿತು. ಊರು ಮೊಗಲರ ಕೈಯಿಂದ 1724ರಲ್ಲಿ ನಿಜಾಮನಿಗೂ, 1760ರಲ್ಲಿ ಪೇಶವೆಯರಿಗೂ, 1818ರಲ್ಲಿ ಸಾತಾರೆಯ ಮಹಾರಾಜರಿಗೂ ಹೋಗಿ, 1848ರಲ್ಲಿ ಇಂಗ್ಲಿಷರ ವಶವಾಯಿತು. ಈ ನೂರರವತ್ತೆರಡು ವರ್ಷಗಳಲ್ಲಿ ಆಳಿದವರು ಯಾರೂ ಇಲ್ಲಿ ವಾಸಮಾಡಲಿಲ್ಲ. ಕಟ್ಟಡಗಳು ಹಾಳಾದದ್ದು ಫಿರಂಗಿಯ ಗುಂಡಿನಿಂದಲ್ಲ, ಬರಿದಾಗಿ ಬಿದ್ದದ್ದರಿಂದ ಎಂಬದನ್ನು ನಾವು ಮುಖ್ಯವಾಗಿ ಗಮನಿಸತಕ್ಕದ್ದು. ಈ ಅರಮನೆಗಳ ಅಂತಸ್ತುಗಳೂ ಮಾಳಿಗೆಗಳೂ ಬಹುಮಟ್ಟಿಗೆ ಮರದವುಗಳಾಗಿದ್ದವು. ಬೆಲೆಯುಳ್ಳ ತೊಲೆ ಜಂತಿಗಳನ್ನು ಕಿತ್ತೊಯ್ದರು. ಮಾಳಿಗೆ ಹೋದ ಬಳಿಕ ಮಳೆಯ ನೀರು ಗೋಡೆಯ ನೆತ್ತಿಯಿಂದಲೇ ಒಳಗಿಳಿಯಿತು. ಸುಣ್ಣದ ಗಾರೆಯು ಕರಗಿ ಸಡಿಲಾಯಿತು. ಆ ಸಂದಿನಲ್ಲಿ ಹಕ್ಕಿಗಳು ಉದುರಿಸಿದ ಆಲ, ಅರಳಿಗಳ ಬೀಜವು ಬೇರುಬಿಟ್ಟು ಕಲ್ಲುಗಳನ್ನು ಒಂದರಿಂದೊಂದು ಅಗಲಿಸಿತು. ಗಗನಮಹಲಿನ ಕಮಾನುಗಳು ಇಂದು ಆಕಾಶವನ್ನೇ ಹೊದ್ದು ನಿಂತಿರುವದಕ್ಕೆ ಇದೇ ಕಾರಣವು.

ಇದಕ್ಕೆ ಪ್ರತಿಯಾಗಿ ಅಸಾರಮಹಲನ್ನು ನೋಡಿರಿ. ಅದರ ಮುಂಭಾಗದ ಎತ್ತರವಾದ ತೇಗದ ಕಂಬಗಳೂ ಮರದ ಮಾಳಿಗೆಯೂ ಉಳಿದುಕೊಂಡಿರುವವು. ಅದೇ ಮಳೆ, ಅದೇ ಬಿಸಿಲು, ಅದೇ ಅರಾಜಕತೆಗಳನ್ನು ಆ ಕಟ್ಟಡವೂ ಕಂಡಿತು. ಆದರೆ ನ್ಯಾಯಸಭೆಯಾಗಿದ್ದದ್ದು ಪೈಗಂಬರರ ಕೇಶಗಳೆಂದು ನಂಬಲಾದ ಪವಿತ್ರ ವಸ್ತುವನ್ನು ಇಡುವ ಸ್ಥಾನವಾಯಿತು. ಜನರು ಬಂದುಹೋಗುವದು ನಿಲ್ಲಲಿಲ್ಲ. ದೀಪ ಹಚ್ಚುವವರೂ ಬಾಗಿಲು ಕಾಯುವವರೂ ಇದ್ದರು. ಸೋರಿದರೆ ಸೋರಿತೆಂದು ಹೇಳುವವರಿದ್ದರು. ಹೀಗೆ ಒಂದೇ ಊರಿನಲ್ಲಿ, ಕೂಗಳತೆಯ ಅಂತರದಲ್ಲಿ, ಬಳಕೆಯಲ್ಲಿದ್ದ ಕಟ್ಟಡವು ಉಳಿಯಿತು, ಬಳಕೆ ತಪ್ಪಿದ ಕಟ್ಟಡವು ಬಿದ್ದಿತು. ಕಟ್ಟಡಕ್ಕೆ ಕಲ್ಲುಗಾರೆಗಳು ಶರೀರವಾದರೆ ಬಳಕೆಯೇ ಅದರ ಪ್ರಾಣವೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇಂಗ್ಲಿಷರು 1864ರಲ್ಲಿ ಕಲಾದಗಿಯನ್ನು ಮುಖ್ಯಸ್ಥಳವಾಗಿ ಮಾಡಿ ಒಂದು ಜಿಲ್ಲೆಯನ್ನು ಏರ್ಪಡಿಸಿದರು. 1884ರಲ್ಲಿ ವಿಜಾಪುರಕ್ಕೆ ರೈಲು ಬಂದಿತು. 1885ರಲ್ಲಿ ಜಿಲ್ಲೆಯ ಕಚೇರಿಗಳನ್ನು ಕಲಾದಗಿಯಿಂದ ಇಲ್ಲಿಗೆ ತಂದರು. ಆಗ ಹೊಸ ಕಟ್ಟಡಗಳನ್ನು ಕಟ್ಟುವದಕ್ಕೆ ಬದಲಾಗಿ ಹಾಳುಬಿದ್ದ ಅರಮನೆಗಳನ್ನೇ ದುರಸ್ತುಮಾಡಿ ಉಪಯೋಗಿಸುವ ಹಂಚಿಕೆಯನ್ನು ಅನುಸರಿಸಲಾಯಿತು. ಚೀನೀಮಹಲಿನಲ್ಲಿ ಸರಕಾರದ ಕಚೇರಿಗಳು ಕೂತವು. ಆನಂದಮಹಲು ಅಧಿಕಾರಿಗಳ ವಸತಿಯಾಯಿತು. ಬುಖಾರಾ ಮಸೀದಿಯಲ್ಲಿ ಟಪಾಲು ಕಚೇರಿಯನ್ನಿಟ್ಟರು. ಇನ್ನೊಂದು ಮಸೀದಿಯು ಪ್ರವಾಸಿಗರ ಬಂಗಲೆಯಾಗಿತ್ತು. ಜೋಡಗುಂಬಜವೆಂಬ ಅವಳಿ ಸಮಾಧಿಗಳಲ್ಲೊಂದು ಎಂಜಿನಿಯರರ ಮನೆಯಾಯಿತು.

ಈ ಕಾರ್ಯದ ಗುಣದೋಷಗಳನ್ನು ಪಕ್ಷಪಾತವಿಲ್ಲದೆ ತೂಗಿ ನೋಡಬೇಕು. ಸತ್ತಂತೆ ಬಿದ್ದಿದ್ದ ಊರಿಗೆ ಜೀವ ಬಂದಿತು. ಚೀನೀಮಹಲಿಗೆ ಮಾಳಿಗೆ ಬಂದಿತು, ಬಾಗಿಲು ಬಂದಿತು, ವರ್ಷಕ್ಕೊಮ್ಮೆ ದುರಸ್ತಿಯ ಖರ್ಚನ್ನು ಬರೆಯುವ ಲೆಕ್ಕದ ಪುಸ್ತಕವೂ ಬಂದಿತು. ಆದರೆ ಬಳಕೆಯೆಂಬುದೆಲ್ಲವೂ ಉಚಿತವಾದ ಬಳಕೆಯಲ್ಲ. ಪ್ರಾರ್ಥನೆಯ ಸ್ಥಳದಲ್ಲಿ ಟಪಾಲಿನ ಥೈಲಿಗಳನ್ನು ಎಸೆಯುವದೂ, ಗೋರಿಯ ಮೇಲಣ ಮಂದಿರದಲ್ಲಿ ಸಂಸಾರಹೂಡುವದೂ ಆ ಕಟ್ಟಡಗಳನ್ನು ಕಟ್ಟಿದವರ ಉದ್ದೇಶಕ್ಕೂ, ಅವುಗಳನ್ನು ಪೂಜ್ಯವೆಂದು ಎಣಿಸಿದವರ ಮನಸ್ಸಿಗೂ ನೋವನ್ನುಂಟುಮಾಡದೆ ಇರಲಾರವು. ಒಂದು ಮತದವರ ಪವಿತ್ರಸ್ಥಾನಕ್ಕೆ ಆದ ಅವಮಾನವನ್ನು ಬೇರೆ ಮತದವರು ತಮ್ಮದಲ್ಲವೆಂದು ನೋಡಿ ಸುಮ್ಮನಿರುವದು ನಾಗರಿಕತೆಯ ಲಕ್ಷಣವಲ್ಲ. ಅಲ್ಲದೆ ವಾಸಕ್ಕೆಂದು ಕಿಟಕಿ ಕೊರೆಯುವದು, ನಡುಗೋಡೆ ಎಬ್ಬಿಸುವದು, ಸುಣ್ಣ ಬಳಿಯುವದು ಇವೆಲ್ಲವೂ ಕಟ್ಟಡದ ಮೂಲಸ್ವರೂಪವನ್ನು ಮರೆಮಾಡುವ ಕೆಲಸಗಳೇ ಸರಿ.

1899ರಿಂದ 1905ರ ವರೆಗೆ ವೈಸರಾಯನಾಗಿದ್ದ ಲಾರ್ಡ್ ಕರ್ಜನ್ನನು ಈ ತಪ್ಪನ್ನು ಗುರುತಿಸಿದನು. ಅವನ ರಾಜಕಾರಣವನ್ನು ಮೆಚ್ಚದವರೂ ಪ್ರಾಚೀನ ಕಟ್ಟಡಗಳ ವಿಷಯದಲ್ಲಿ ಅವನು ಮಾಡಿದ ಕೆಲಸವನ್ನು ಒಪ್ಪಲೇಬೇಕಾಗುವದು. ವಿಜಾಪುರದ ಮಸೀದಿಗಳೊಳಗಿಂದ ಟಪಾಲು ಕಚೇರಿಯನ್ನೂ ಪ್ರವಾಸಿ ಬಂಗಲೆಯನ್ನೂ ಅವನು ತೆಗೆಯಿಸಿದನು. ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆಯು 1904ರಲ್ಲಿ ಅವನ ಕಾಲದಲ್ಲಿಯೇ ಜಾರಿಗೆ ಬಂದಿತು. ಪ್ರಾಚ್ಯವಸ್ತು ಇಲಾಖೆಯ ಹೆನ್ರಿ ಕಸೆನ್ಸ್ ಎಂಬವರು ಈ ಊರಿನ ಕಟ್ಟಡಗಳನ್ನು ಒಂದೊಂದಾಗಿ ಅಳೆದು, ನಕ್ಷೆ ತೆಗೆದು, 1916ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಯಾವ ಕಲ್ಲು ಎಲ್ಲಿ ಇತ್ತೆಂಬದನ್ನು ಮೊದಲು ಬರೆದಿಡದೆ ಜೀರ್ಣೋದ್ಧಾರಕ್ಕೆ ಕೈಹಾಕುವದು, ಪಾಠವನ್ನು ಓದದೆ ಓಲೆಯನ್ನು ತಿದ್ದಿದಂತೆಯೇ ಆಗುವದು.

ಹಾಗಾದರೆ ಉಚಿತವಾದ ಬಳಕೆ ಯಾವದು? ಇದಕ್ಕೂ ವಿಜಾಪುರದಲ್ಲಿಯೇ ಉದಾಹರಣೆಯುಂಟು. ಗೋಲಗುಂಬಜದ ಮುಂದೆ ನಗಾರಖಾನೆಯೆಂಬ ಮಂದಿರವಿರುವದು. ಮೂಲದಲ್ಲಿ ಅದು ಪೂರ್ತಿಯಾಗಿರಲಿಲ್ಲ. ಅದರ ಮಿನಾರುಗಳು ಮೇಲೇರದೆ ನಿಂತುಹೋಗಿದ್ದವು. ನಗಾರಿ ಬಾರಿಸುವವರು ಇಲ್ಲವಾಗಿ ಅದು ಬರಿದಾಗಿದ್ದಿತು. ಸುತ್ತಮುತ್ತಲಿನ ಶೋಧದಲ್ಲಿ ದೊರೆತ ಶಾಸನಗಳನ್ನೂ ಬಿಡಿಶಿಲ್ಪಗಳನ್ನೂ ಕೂಡಿಡಲು 1892ರಲ್ಲಿ ಆ ಮಂದಿರವನ್ನು ಆರಿಸಿಕೊಂಡರು. 1912ರಲ್ಲಿ ಅದು ಜಿಲ್ಲೆಯ ವಸ್ತುಸಂಗ್ರಹಾಲಯವಾಯಿತು. 1982ರಲ್ಲಿ ಭಾರತೀಯ ಪುರಾತತ್ವ ಇಲಾಖೆಯು ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಕನ್ನಡ, ಸಂಸ್ಕೃತ, ಅರಬಿ, ಫಾರಸಿ ಶಾಸನಗಳು ಅಲ್ಲಿ ಒಂದೇ ಸೂರಿನ ಕೆಳಗೆ ಇರುವವು; ಬ್ರಾಹ್ಮಣ ಮತ್ತು ಜೈನ ಶಿಲ್ಪಗಳೂ ಸುಲ್ತಾನರ ಕಾಲದ ಆಯುಧಗಳೂ ಹಸ್ತಪ್ರತಿಗಳೂ ನೆರೆಹೊರೆಯಾಗಿರುವವು. ಈ ಬಳಕೆಯಿಂದ ಯಾರ ಭಕ್ತಿಗೂ ಭಂಗ ಬರಲಿಲ್ಲ. ವಿಶಾಲವಾದ ಅಂಗಣವು ವಸ್ತುಗಳನ್ನಿಡಲು ತಾನಾಗಿಯೇ ಅನುಕೂಲವಾಯಿತು. ನೋಡಬಂದ ಜನರಿಗೆ ಕಟ್ಟಡವೂ ಪಾಠಶಾಲೆಯಾಯಿತು. ಬರಿದಾದ ಮನೆಗೆ ಇಂಥ ಒಕ್ಕಲು ದೊರೆಯುವದು ಅದೃಷ್ಟವೇ.

ಇದೇ ಊರಿನಲ್ಲಿ ನಡೆದ ಬೇರೊಂದು ಉದ್ಧಾರಕಾರ್ಯವನ್ನು ಇಲ್ಲಿ ನೆನೆಯದಿದ್ದರೆ ಲೇಖನವು ಅಪೂರ್ಣವಾಗುವದು. ವಿಜಾಪುರದಲ್ಲಿ ವಕೀಲರಾಗಿದ್ದ ರಾವಬಹಾದ್ದೂರ ಫ. ಗು. ಹಳಕಟ್ಟಿಯವರು ಮನೆಮನೆಯ ಮಾಡಗಳಲ್ಲಿದ್ದ ತಾಳೆಯೋಲೆಯ ಕಟ್ಟುಗಳನ್ನು ಕೂಡಿಸಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರಡಿಸಿದರು, 1925ರಲ್ಲಿ ಹಿತಚಿಂತಕವೆಂಬ ಮುದ್ರಣಾಲಯವನ್ನು ಸ್ವತಃ ಸ್ಥಾಪಿಸಿದರು. ಅರಿವೆಯಲ್ಲಿ ಸುತ್ತಿ ಪೂಜಿಸಿದ ಮಾತ್ರಕ್ಕೆ ಓಲೆಗಳು ಉಳಿಯುತ್ತಿರಲಿಲ್ಲ. ಓದುವವರ ಕೈಗೆ ಬಂದದ್ದರಿಂದ ಅವುಗಳಲ್ಲಿದ್ದದ್ದು ಉಳಿಯಿತು. ಕಲ್ಲಿನ ವಿಷಯದಲ್ಲಿಯೂ ಇದೇ ನ್ಯಾಯವು. ಹುಳಕ್ಕೆ ಓಲೆ ಹೇಗೋ, ಅರಳಿಯ ಬೇರಿಗೆ ಗೋಡೆಯೂ ಹಾಗೆಯೇ.

ಸ್ವಾತಂತ್ರ್ಯಾನಂತರ 1958ರ ಕಾಯಿದೆಯು ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ ಬಲವಾದ ರಕ್ಷಣೆಯನ್ನು ಒದಗಿಸಿತು. 2010ರಲ್ಲಿ ಅದಕ್ಕೆ ಮಾಡಿದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ಕಟ್ಟುವದು ನಿಷಿದ್ಧವು; ಅದರಾಚೆಯ 200 ಮೀಟರಿನೊಳಗೆ ಅಪ್ಪಣೆಯಿಲ್ಲದೆ ಕಟ್ಟಕೂಡದು. ಒಂಟಿಯಾಗಿ ನಿಂತ ಗುಡಿಗೆ ಈ ನಿಯಮವು ಸುಲಭವಾಗಿರಬಹುದು. ಆದರೆ ಓಣಿಗೊಂದು ಗುಮ್ಮಟವಿರುವ ವಿಜಾಪುರದಲ್ಲಿ ಸಾಮಾನ್ಯ ಗೃಹಸ್ಥನ ಮೇಲೆ ಇದರ ಭಾರವು ಬೀಳುವದು. ಮಗನ ಮದುವೆಗೆಂದು ಒಂದು ಕೋಣೆಯನ್ನು ಹೆಚ್ಚಿಸಬೇಕೆಂಬ ಬಡವನಿಗೆ ನೆರೆಯ ಗುಮ್ಮಟವು ಪೂರ್ವಿಕರ ಆಸ್ತಿಯಾಗಿ ಕಾಣದೆ ಶತ್ರುವಾಗಿ ಕಂಡರೆ ಆಶ್ಚರ್ಯವೇನು? ಕಾನೂನು ಕಲ್ಲನ್ನು ಕಾಯಬಲ್ಲದು. ಕಲ್ಲಿನ ಮೇಲಣ ಪ್ರೀತಿಯನ್ನು ಹುಟ್ಟಿಸಲಾರದು. ನಿಯಮವನ್ನು ಸಡಿಲಿಸಿದರೆ ಸ್ಮಾರಕವು ಮನೆಗಳ ನಡುವೆ ಮುಳುಗಿಹೋಗುವದು. ಬಿಗಿಮಾಡಿ ಸುಮ್ಮನಿದ್ದರೆ ಜನರ ಮನಸ್ಸು ಅದರಿಂದ ದೂರವಾಗುವದು. ಇದೇ ಇಂದಿನ ನಿಜವಾದ ತೊಡಕು.

ಈ ತೊಡಕಿಗೆ ಪರಿಹಾರವು ಹಳೆಯ ಶಾಸನಗಳ ಆ ಮಾತಿನಲ್ಲಿಯೇ ಅಡಗಿರುವದೆಂದು ನಮಗೆ ತೋರುತ್ತದೆ. ಒಂದನೆಯದಾಗಿ, ಬರಿದಾದ ಪ್ರತಿಯೊಂದು ಕಟ್ಟಡಕ್ಕೂ ಅದರ ಮರ್ಯಾದೆಗೆ ಒಪ್ಪುವ ಉದ್ಯೋಗವನ್ನು ಹುಡುಕಬೇಕು. ಸಭಾಮಂದಿರವಾಗಿದ್ದದ್ದು ವಾಚನಾಲಯವೋ ಸಂಗ್ರಹಾಲಯವೋ ಆಗಬಹುದು, ಪೂಜಾಸ್ಥಾನವು ಕಚೇರಿಯಾಗಬಾರದು. ಎರಡನೆಯದಾಗಿ, ಇಂದು ಸೇರಿಸಿದ್ದನ್ನು ನಾಳೆ ಗೋಡೆಗೆ ಗಾಯವಾಗದಂತೆ ತೆಗೆಯಲು ಬರುವಂತಿರಬೇಕು. ಮೂರನೆಯದಾಗಿ, ಸುಣ್ಣದ ಗಾರೆಯ ಗೋಡೆಯನ್ನು ಸುಣ್ಣದ ಗಾರೆಯಿಂದಲೇ ದುರಸ್ತುಮಾಡಬೇಕು. ಸಿಮೆಂಟು ಗಡುಸಾದದ್ದಾದ್ದರಿಂದ ಒಳಗಿನ ತೇವವನ್ನು ಹೊರಬಿಡದೆ ಹಳೆಯ ಕಲ್ಲನ್ನೇ ಸವೆಯಿಸುವದು. ನಾಲ್ಕನೆಯದಾಗಿ, ಆ ಬಳಕೆಯಿಂದ ಬರುವ ಉತ್ಪನ್ನದಲ್ಲಿ ಒಂದು ಪಾಲು ದುರಸ್ತಿಗೆಂದೇ ಮೀಸಲಾಗಬೇಕು. ಮತ್ತೊಂದು ಪಾಲು ನೆರೆಯ ಓಣಿಯ ಜನರಿಗೆ ಕೆಲಸವಾಗಿ, ನೀರಾಗಿ, ಬೀದಿಯಾಗಿ ಮರಳಬೇಕು. ಆಗ ಆ ಗೃಹಸ್ಥನೂ ಗುಮ್ಮಟದ ಕಾವಲುಗಾರನಾಗುವನು. ದತ್ತಿಯ ಭೂಮಿಯನ್ನು ಉತ್ತು ಅದರ ಫಲದಿಂದ ಗುಡಿಯನ್ನು ಕಾಯ್ದ ಹಿಂದಿನ ಒಕ್ಕಲಿಗನು ಮಾಡಿದ್ದೂ ಇದನ್ನೇ.

ಪ್ರತಿಯೊಂದು ಊರಿನ ನಡುವೆಯೂ ಇಂಥ ಒಂದು ಹಳೆಯ ಕಟ್ಟಡವಿರುವದು. ಅದು ಚಾವಡಿಯಾಗಿರಬಹುದು, ವಾಡೆಯಾಗಿರಬಹುದು, ಛತ್ರವಾಗಿರಬಹುದು. ಅದರ ಬಾಗಿಲಿಗೆ ಬೀಗವಿದ್ದು, ಗೋಡೆಯ ಮೇಲೆ ಸಣ್ಣದೊಂದು ಅರಳಿಯ ಗಿಡವು ಚಿಗುರಿರುವದನ್ನು ದಿನಾಲು ನೋಡುತ್ತ ನಾವು ಹಾದುಹೋಗುತ್ತಿರುವೆವು. ಗಿಡವು ಎರಡು ಎಲೆಯಾಗಿದ್ದಾಗ ಕೈಯಿಂದಲೇ ಕೀಳಬಹುದು. ಮರವಾದ ಮೇಲೆ ಗೋಡೆಯನ್ನು ಕೆಡವದೆ ಕೀಳಲಾಗದು. ಗಗನಮಹಲಿನ ಮಾಳಿಗೆಯನ್ನು ನಾವು ತಿರುಗಿ ತರಲಾರೆವು. ಆದರೆ ನಮ್ಮ ಊರಿನ ಕಟ್ಟಡದ ಬೀಗವನ್ನು ತೆಗೆಯಿಸುವದು ನಮ್ಮ ಕೈಯಲ್ಲಿರುವದು. ಖಂಡವಾದದ್ದನ್ನು ಕೂಡಿಸಿ, ಸ್ಫುಟಿತವಾದದ್ದನ್ನು ಬೆಸೆದು, ಮುಂದಿನವರ ಕೈಗೆ ಒಪ್ಪಿಸುವ ಈ ಕೆಲಸದಲ್ಲಿ ವಾಚಕರು ತಮ್ಮ ತಮ್ಮ ಊರುಗಳಲ್ಲಿ ಮನಸ್ಸಿಡುವರೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.