ಜೆಡ್‌ಎಫ್‌ಎಸ್‌ನಲ್ಲಿ ಡೇಟಾ ಕಂಪ್ರೆಷನ್ ಮತ್ತು ಡಿಡುಪ್ಲಿಕೇಷನ್
ಜೆಡ್‌ಎಫ್‌ಎಸ್ ಎಂಬುದು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್‌ವಿಕ್, ಮ್ಯಾಥ್ಯೂ ಅಹ್ರೆನ್ಸ್ ಮೊದಲಾದವರು ರೂಪಿಸಿದ ಕಡತ ವ್ಯವಸ್ಥೆ. ಜಾಗ ಉಳಿಸಲು ಇದರಲ್ಲಿ ಕಂಪ್ರೆಷನ್ ಮತ್ತು ಡಿಡುಪ್ಲಿಕೇಷನ್ ಎಂಬ ಎರಡು ದಾರಿಗಳಿದ್ದು, ವೇಗದ ಮೇಲೆ ಅವುಗಳ ಪರಿಣಾಮ ತೀರ ಬೇರೆ ಬೇರೆ.

ಎಲ್‌ಜೆಡ್4 ಕಂಪ್ರೆಷನ್ ಪ್ರೊಸೆಸರ್‌ಗೆ ಹೆಚ್ಚು ಹೊರೆಯಲ್ಲ. ಡಿಸ್ಕ್‌ಗೆ ಹೋಗಿಬರುವ ಬೈಟ್‌ಗಳು ಕಡಿಮೆಯಾಗುವುದರಿಂದ ಓದು-ಬರಹ ಎಷ್ಟೋ ಸಲ ಚುರುಕಾಗುತ್ತದೆ. ವಿಡಿಯೊದಂಥ ಕುಗ್ಗದ ಮಾಹಿತಿಯ ಮೇಲಿನ ಪ್ರಯತ್ನವನ್ನು ಅದು ಬೇಗನೆ ಕೈಬಿಡುತ್ತದೆ.

2009ರಲ್ಲಿ ಸೇರಿದ ಡಿಡುಪ್ಲಿಕೇಷನ್, ಅಂದರೆ ಒಂದೇ ಥರದ ಬ್ಲಾಕನ್ನು ಒಮ್ಮೆ ಮಾತ್ರ ಇಡುವ ವಿಧಾನ, ದುಬಾರಿ. ಪ್ರತಿ ಬ್ಲಾಕಿನ ಹ್ಯಾಷ್ ಲೆಕ್ಕಹಾಕಿ, ಅದೇ ಬ್ಲಾಕ್ ಈಗಾಗಲೇ ಇದೆಯೇ ಎಂದು ಹ್ಯಾಷ್‌ಗಳ ಕೋಷ್ಟಕದಲ್ಲಿ ಹುಡುಕಬೇಕು. ಒಂದು ನಮೂದಿಗೆ ಸುಮಾರು 320 ಬೈಟ್ ಎಂಬ ರೂಢಿಯ ಲೆಕ್ಕದಲ್ಲಿ, 128 ಕಿಲೋಬೈಟ್ ಬ್ಲಾಕ್‌ಗಳ 1 ಟೆರಾಬೈಟ್ ವಿಶಿಷ್ಟ ದತ್ತಾಂಶಕ್ಕೆ ಸುಮಾರು 2.5 ಗಿಗಾಬೈಟ್ ರ‍್ಯಾಮ್ ಬೇಕು. ಬ್ಲಾಕ್ 8 ಕಿಲೋಬೈಟ್‌ಗೆ ಇಳಿದರೆ 40 ಗಿಗಾಬೈಟ್. ಕೋಷ್ಟಕ ರ‍್ಯಾಮಿನಲ್ಲಿ ಹಿಡಿಸದಿದ್ದರೆ ಬರೆಯುವಾಗಲೂ ಅಳಿಸುವಾಗಲೂ ಡಿಸ್ಕಿನಲ್ಲಿ ಅಲ್ಲಲ್ಲಿ ಓದಬೇಕಾಗಿ ವೇಗ ಕುಸಿಯುತ್ತದೆ. ದೊಡ್ಡ ಕಡತವೊಂದನ್ನು ಅಳಿಸುವುದೂ ಆಗ ಬಹಳ ನಿಧಾನ. ಈ ಸೌಲಭ್ಯವನ್ನು ನಿಲ್ಲಿಸಿದರೂ ಹಳೆಯ ನಮೂದುಗಳು ಹಾಗೆಯೇ ಉಳಿಯುತ್ತವೆ.

ಜೆಡ್‌ಎಫ್‌ಎಸ್‌ನ ಮುಕ್ತ ಆಕರ ರೂಪವಾದ, 2025ರ ಓಪನ್‌ಜೆಡ್‌ಎಫ್‌ಎಸ್ 2.3 ಕೋಷ್ಟಕಕ್ಕೆ ಮಿತಿ ಹಾಕುವ ಸೌಲಭ್ಯ ತಂದಿದೆ. ಆದರೂ ಒಂದೇ ಮಾದರಿಯ ವರ್ಚುವಲ್ ಯಂತ್ರಗಳ ಪ್ರತಿಗಳಂಥ ಸಂಗ್ರಹ ಇಲ್ಲದ ಕಡೆ ಕಂಪ್ರೆಷನ್ ಒಂದೇ ಸಾಕು.