ಮಹಾಮಾರಿಯ ದಿನಗಳಲ್ಲಿ ದುಡಿಮೆಯ ಕುಟುಂಬಗಳು

1918ರಲ್ಲಿ, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಸೀಮೆಗೆ ಇನ್‌ಫ್ಲುಯೆಂಜಾ ಜ್ವರವು ಬಂದಾಗ ಮಳೆಯೂ ಕೈಕೊಟ್ಟಿತ್ತು; ದುಡಿಯುವವರು ಹಾಸಿಗೆ ಹಿಡಿದರು, ಧಾನ್ಯದ ಬೆಲೆ ಏರಿತು. 2020ರಲ್ಲಾದರೋ ರೋಗಕ್ಕಿಂತ ಮೊದಲೇ, ಮಾರ್ಚ್ 25ರಂದು, ಕೆಲಸ ನಿಂತಿತು. ಬೇಸಾಯಕ್ಕೆ ವಿನಾಯಿತಿಯಿದ್ದುದರಿಂದ ಸಿರುಗುಪ್ಪದ ಗದ್ದೆಗಳಲ್ಲಿ, ಕುರುಗೋಡಿನ ಹೊಲಗಳಲ್ಲಿ ಅಷ್ಟಿಷ್ಟು ಕೂಲಿ ಉಳಿಯಿತು. ನಗರದ ಜೀನ್ಸ್ ಹೊಲಿಗೆಯವರಿಗೆ ಅದೂ ಇಲ್ಲ. ಉಡುಪಿಗಿಷ್ಟು ಎಂದು ಕೂಲಿ ಪಡೆಯುವವರಿಗೆ ಯಂತ್ರ ನಿಂತರೆ ಸಂಪಾದನೆಯೂ ನಿಂತಂತೆ. ಅವರನ್ನು ಕೆಲಸದಿಂದ ತೆಗೆಯುವ ಪ್ರಶ್ನೆಯೇ ಬರಲಿಲ್ಲ. ಎಷ್ಟೋ ಮಂದಿಯ ಹೆಸರು ಹಾಜರಿ ಪುಸ್ತಕದಲ್ಲೇ ಇರಲಿಲ್ಲವಷ್ಟೆ! ಪಡಿತರದ ಅಕ್ಕಿ ಹೊಟ್ಟೆಗಾಯಿತು. ಮನೆಬಾಡಿಗೆಗೆ ಕಿವಿಯೋಲೆಗಳು ಒತ್ತೆಹೋದವು. ಏಪ್ರಿಲ್ 12ರ ಪುನರುತ್ಥಾನದ ಹಬ್ಬಕ್ಕೆ ದೇವಾಲಯದ ಬಾಗಿಲೂ ಮುಚ್ಚಿತ್ತು. ಧರ್ಮಕೇಂದ್ರದ ದಫ್ತರದಲ್ಲಿ ಆ ವರ್ಷದ ಮರಣಗಳು ದಾಖಲಾಗಿವೆ, ಒತ್ತೆಯ ಓಲೆಗಳಲ್ಲ. ಆದುದರಿಂದ ಇಲ್ಲಿ ಬರೆದಿದ್ದೇನೆ.