ಮೂಸಿ ನದಿ ಮತ್ತು ಮರೆತುಹೋದ ಮೂರನೆಯ ಕೆಲಸ

ಕಾಚಿಗುಡದ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಮೂಸಿ ನದಿ ಹೊಸದಲ್ಲ. ಬಸ್ಸು ಚಾದರಘಾಟಿನ ಸೇತುವೆಯ ಮೇಲೆ ಬಂದೊಡನೆ ಎಲ್ಲರೂ ಮೂಗಿಗೆ ಕರವಸ್ತ್ರ ಹಿಡಿಯುವುದನ್ನು ದಿನವೂ ಕಾಣುತ್ತೇವೆ, ನಾವೂ ಹಿಡಿಯುತ್ತೇವೆ. ಊರಿನಿಂದ ಬಂದ ನೆಂಟರು "ಇದಾವ ಮೋರಿ?" ಎಂದು ಕೇಳಿದಾಗ, ಇದು ನದಿಯೆಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಈ ನದಿಗೂ ಕನ್ನಡಿಗರಿಗೂ ಇರುವ ನಂಟು ಸಣ್ಣದಲ್ಲ. ಆ ಕಥೆಯನ್ನು ನಮ್ಮ ಮಕ್ಕಳು ಅರ್ಧವಷ್ಟೇ ಕೇಳಿರುವರು.

ವಿಕಾರಾಬಾದಿನ ಹತ್ತಿರದ ಅನಂತಗಿರಿ ಬೆಟ್ಟಗಳಲ್ಲಿ ಮೂಸಿ ಹುಟ್ಟುತ್ತದೆ. ಲಂಗರ್ ಹೌಸಿನ ಬಾಪೂಘಾಟಿನ ಬಳಿ ಈಸಿ ಎಂಬ ಹೊಳೆ ಬಂದು ಕೂಡುತ್ತದೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ವಿಸರ್ಜಿಸಿದ್ದು ಈ ಸಂಗಮದಲ್ಲಿಯೇ. ಅಲ್ಲಿಂದ ನಗರದ ನಡುವೆ ಹಾದು, ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಮೂಸಿ ಕೃಷ್ಣೆಯ ಪಾಲಾಗುತ್ತದೆ. ನಮ್ಮ ರಾಯಚೂರು ಜಿಲ್ಲೆಯ ಅಂಚಿನಲ್ಲಿ ಹರಿದು ಬಂದ ಕೃಷ್ಣೆಯೇ ಇವಳು. ಅಲ್ಲಿ ಈಚೆಯ ದಡ ತೆಲಂಗಾಣ, ಆಚೆಯ ದಡ ಆಂಧ್ರಪ್ರದೇಶ. ಹೈದರಾಬಾದಿನ ಕೊಳೆಯನ್ನು ಹೀಗೆ ಎರಡು ರಾಜ್ಯಗಳು ಹಂಚಿಕೊಳ್ಳುತ್ತವೆ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳಿಗೂ ಹೈದರಾಬಾದೇ ರಾಜಧಾನಿಯಾಗಿತ್ತಷ್ಟೆ. ಆದುದರಿಂದ ಮೂಸಿಯು ನಮ್ಮ ಹಿರಿಯರ ರಾಜಧಾನಿಯ ನದಿಯೂ ಹೌದು.

1908ರ ಸೆಪ್ಟೆಂಬರ್ 28ರಂದು ಈ ನದಿ ಉಕ್ಕಿ ನಗರವನ್ನೇ ಕೊಚ್ಚಿಕೊಂಡು ಹೋಯಿತು. ಸತ್ತವರು ಸುಮಾರು 15,000 ಎಂದು ಅಂದಾಜು. ಅಫ್ಜಲಗಂಜಿನ ಒಂದು ಹುಣಸೆಯ ಮರವನ್ನು ಏರಿ ಕುಳಿತ ಸುಮಾರು 150 ಜನ ಬದುಕಿ ಉಳಿದರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರವನ್ನು ಕಂಡವರು ನಮ್ಮಲ್ಲಿ ಅನೇಕರಿರಬಹುದು. ನಿಜಾಮರ ಸರಕಾರದ ಕರೆಯಂತೆ 1909ರ ಏಪ್ರಿಲಿನಲ್ಲಿ ಇಲ್ಲಿಗೆ ಬಂದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಮೂಸಿಯ ಜಲಾನಯನದಲ್ಲಿ 788 ಕೆರೆಗಳಿದ್ದು, ಅವುಗಳಲ್ಲಿ 221 ಒಡೆದದ್ದರಿಂದ ಪ್ರವಾಹವು ಇಷ್ಟು ಭೀಕರವಾಯಿತೆಂದು ಅವರು ಲೆಕ್ಕ ಹಾಕಿ ತೋರಿಸಿದರು. ಲೆಕ್ಕದ ಪುಸ್ತಕದಲ್ಲಿಯೇ ದಿನಗಳೆಯುವ ನಮ್ಮಂಥ ಬ್ಯಾಂಕಿನ ಗುಮಾಸ್ತರಿಗೆ ಆ ಎಣಿಕೆಯ ಶಿಸ್ತನ್ನು ಕಂಡರೆ ಕೈಮುಗಿಯಬೇಕೆನಿಸುತ್ತದೆ. ಅವರ ಸಲಹೆಯಂತೆ ನಗರದ ಮೇಲುಗಡೆ ಮೂಸಿಗೆ ಉಸ್ಮಾನ್ ಸಾಗರವೂ (1920), ಈಸಿಗೆ ಹಿಮಾಯತ್ ಸಾಗರವೂ (1927) ಕಟ್ಟಲ್ಪಟ್ಟವು.

ರಾಜ್ಯೋತ್ಸವದ ಭಾಷಣಗಳಲ್ಲಿ ಕಥೆ ಇಲ್ಲಿಗೆ ಮುಗಿದು ಚಪ್ಪಾಳೆ ಬೀಳುತ್ತದೆ. ಆದರೆ ಸರಕಾರವು ವಿಶ್ವೇಶ್ವರಯ್ಯನವರಿಗೆ ವಹಿಸಿದ್ದು ಮೂರು ಕೆಲಸಗಳನ್ನು. ನಗರವನ್ನು ಮರಳಿ ಕಟ್ಟುವುದು ಒಂದು, ಪ್ರವಾಹದಿಂದ ಕಾಪಾಡುವುದು ಇನ್ನೊಂದು, ಹೈದರಾಬಾದು ಮತ್ತು ಚಾದರಘಾಟುಗಳಿಗೆ ಸಂಪೂರ್ಣ ಚರಂಡಿಯ ವ್ಯವಸ್ಥೆ ಮಾಡುವುದು ಮೂರನೆಯದು. ನೀರು ಊರಿನ ಮೇಲೆ ಬೀಳದಂತೆ ತಡೆಯುವುದು ಎಷ್ಟು ಮುಖ್ಯವೋ, ಊರು ನೀರಿನ ಮೇಲೆ ಬೀಳದಂತೆ ತಡೆಯುವುದೂ ಅಷ್ಟೇ ಮುಖ್ಯವೆಂಬುದು ಆ ಕಾಲದವರಿಗೆ ತಿಳಿದಿತ್ತು. ಕೆಲವು ಲಕ್ಷ ಜನರ ಅಳತೆಗೆ ಹಾಕಿದ ನೆಲದಡಿಯ ಚರಂಡಿಗಳು ಇಂದಿನ ಕೋಟಿ ಜನಕ್ಕೆ ಎಲ್ಲಿ ಸಾಕಾದಾವು? ಊರು ಬೆಳೆಯಿತು, ಕಾರ್ಖಾನೆಗಳು ಬಂದವು, ನಾವೂ ಬಂದೆವು. ಮೂರನೆಯ ಕೆಲಸ ಹಿಂದೆ ಬಿತ್ತು.

ಎಚ್ಚರಿಸಿದವರು ನಾಗರಿಕರೇ. ಎರಡು ಸಾಗರಗಳ ಸುತ್ತ 10 ಕಿಲೋಮೀಟರುಗಳೊಳಗೆ, 84 ಗ್ರಾಮಗಳಲ್ಲಿ, ಕೊಳೆ ಬಿಡುವ ಕಾರ್ಖಾನೆಗಳು ಕೂಡದೆಂದು 1996ರಲ್ಲಿ 111ನೆಯ ಸಂಖ್ಯೆಯ ಆಜ್ಞೆ ಹೊರಟಿತ್ತು. ಹಿಮಾಯತ್ ಸಾಗರದ ಹತ್ತಿರ ಒಂದು ಹರಳೆಣ್ಣೆಯ ಕಾರ್ಖಾನೆ ಅನುಮತಿ ಕೇಳಿದಾಗ, ಪರಿಸರ ರಕ್ಷಣೆಗಾಗಿ ನಗರದವರು ಕಟ್ಟಿಕೊಂಡ ಒಂದು ಸಂಘ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತನ್ನಿಂದ ಕೇಡಿಲ್ಲವೆಂದು ತೋರಿಸಿಕೊಡುವ ಭಾರ ಕಾರ್ಖಾನೆಯ ಮೇಲೆಯೇ ಇದೆ ಎಂದು 1999ರಲ್ಲಿ ಹೇಳಿದ ಆ ನ್ಯಾಯಾಲಯ, 2000ದ ಡಿಸೆಂಬರಿನಲ್ಲಿ ಅನುಮತಿಯನ್ನು ನಿರಾಕರಿಸಿತು. ಕುಡಿಯುವ ನೀರಿನ ಕೆರೆ ಉಳಿಯಿತು. ಈ ಗೆಲುವನ್ನು ನಮ್ಮ ಸಂಘಸಂಸ್ಥೆಗಳವರು ಅಣೆಕಟ್ಟುಗಳಷ್ಟೇ ಅಭಿಮಾನದಿಂದ ಸ್ಮರಿಸಬೇಕೆಂದು ನಮಗೆ ತೋರುತ್ತದೆ. ಆದರೆ 2022ರಲ್ಲಿ ಆ ನಿಬಂಧನೆಯನ್ನೇ ಸಡಿಲಿಸುವ ಆಜ್ಞೆ ಹೊರಟಿತು.

ನಗರದ ಕೆಳಗಿನವರ ಪಾಲಿಗೆ ಇಂಥ ಗೆಲುವೂ ಸಿಗಲಿಲ್ಲ. ಪಟಾನ್‌ಚೆರುವಿನ ಕಾರ್ಖಾನೆಗಳ ವಿಷ ನಕ್ಕವಾಗು ಹಳ್ಳದ ಮೂಲಕ ಮಾಂಜ್ರಾ ನದಿಗೆ ಬೀಳುತ್ತಿತ್ತು. ಬೀದರ ಸೀಮೆಯವರಿಗೆ ಈ ಮಾಂಜ್ರಾ ತಮ್ಮ ಹೊಳೆಯೇ. ಎ. ಕಿಷನ್ ರಾವ್ ಎಂಬ ವೈದ್ಯರೂ ಅಲ್ಲಿಯ ರೈತರೂ ವರ್ಷಗಟ್ಟಲೆ ಹೋರಾಡಿದ ಮೇಲೆ ದೊರೆತ ಪರಿಹಾರಗಳಲ್ಲಿ ಒಂದು, ಶುದ್ಧೀಕರಿಸಿದ್ದೆನ್ನುವ ಆ ನೀರನ್ನು 18 ಕಿಲೋಮೀಟರು ಕೊಳವೆಯಲ್ಲಿ ಸಾಗಿಸಿ ನಗರದ ಚರಂಡಿಗೆ ಕೂಡಿಸಿ ಅಂಬರಪೇಟೆಗೆ ತಲುಪಿಸುವುದು! ಅಂಬರಪೇಟೆಯಿಂದ ಮುಂದೆ ಇರುವುದು ಮೂಸಿಯೇ. ಒಂದು ಖಾತೆಯ ಸಾಲವನ್ನು ಇನ್ನೊಂದು ಖಾತೆಗೆ ಬರೆದರೆ ಸಾಲ ತೀರಿತೆಂದು ಯಾವ ಬ್ಯಾಂಕಿನಲ್ಲಿಯೂ ಹೇಳುವುದಿಲ್ಲ. ನಗರದಾಚೆ ಇದೇ ನೀರಿನಲ್ಲಿ ಎಮ್ಮೆಗಳ ಹುಲ್ಲು, ಸೊಪ್ಪು, ಬತ್ತ ಬೆಳೆಯುತ್ತಾರೆ. ಆ ಹುಲ್ಲು ಮೇದ ಎಮ್ಮೆಯ ಹಾಲೂ ಆ ಸೊಪ್ಪೂ ಮರಳಿ ನಗರದ ಬಾಗಿಲಿಗೇ ಬರುತ್ತವೆ.

ಇತ್ತ ಯೂರೋಪಿನಲ್ಲಿ, ನಮ್ಮ ರಾಜ್ಯೋತ್ಸವದ ದಿನವೇ ಆದ 1986ರ ನವೆಂಬರ್ 1ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ರಾಸಾಯನಿಕಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ರೈನ್ ನದಿಗೆ ವಿಷ ಹರಿಯಿತು. ಮೀನುಗಳು ರಾಶಿರಾಶಿಯಾಗಿ ಸತ್ತವು. ಕೆಳಗಿನ ಜರ್ಮನಿ, ಹಾಲೆಂಡುಗಳ ಜನ ಸುಮ್ಮನಿರಲಿಲ್ಲ. ಮರುವರ್ಷವೇ ಆ ದೇಶಗಳು ಕೂಡಿ ನದಿಯನ್ನು ಚೊಕ್ಕಟ ಮಾಡುವ ಕಾರ್ಯಕ್ರಮ ಹಾಕಿಕೊಂಡವು. ಸಾಲ್ಮನ್ ಮೀನು ಮರಳಿ ಬರಬೇಕೆಂಬುದು ಅವರ ಗುರಿಯಾಗಿತ್ತು. ಮೀನನ್ನು ಸಾಕ್ಷಿಯಾಗಿಟ್ಟುಕೊಂಡ ಉಪಾಯ ನಮಗೆ ಮೆಚ್ಚುಗೆಯಾಯಿತು.

ಮೂಸಿಯನ್ನು ಚೆಂದಗಾಣಿಸುವ ದೊಡ್ಡ ಯೋಜನೆಯೊಂದು ಇಲ್ಲಿಯೂ ಹೊರಟಿದೆ. 2024ರ ಸೆಪ್ಟೆಂಬರಿನಲ್ಲಿ ಚಾದರಘಾಟಿನ ಸುತ್ತಲಿನ ದಡದ ಮನೆಗಳ ಮೇಲೆ ಅಧಿಕಾರಿಗಳು ಕೆಂಪು ಗುರುತು ಹಾಕಿದರು. ಅವು ಬಡವರ ಮನೆಗಳು. ನದಿಯನ್ನು ಕೆಡಿಸಿದ್ದರಲ್ಲಿ ಅವರದು ಕೊಂಚ, ಮಹಡಿಮನೆಗಳ ನಮ್ಮದೇ ಹೆಚ್ಚು. ಕೆಂಪು ಗುರುತು ನಮ್ಮ ಬಾಗಿಲಿಗೆ ಬೀಳಲಿಲ್ಲ. ಹೊಲಗಳಲ್ಲಿ ನಿಂತು ಆ ನೀರು ಹಾಯಿಸುವ ನಲ್ಗೊಂಡದ ರೈತನನ್ನು ಯೋಜನೆಯ ಸಭೆಗೆ ಕರೆಯುವರೋ ಇಲ್ಲವೋ ಎಂಬುದೇ ನಮಗಿರುವ ಕಳವಳ. ದಡಕ್ಕೆ ಕಲ್ಲು ಹಾಸಿ ದೀಪ ಹಚ್ಚುವುದು ಸುಲಭ. ನೆಲದಡಿಯ ಚರಂಡಿಯನ್ನು ಯಾರೂ ಬಂದು ನೋಡುವುದಿಲ್ಲ.

ವಾಡಪಲ್ಲಿಯ ಸಂಗಮದಲ್ಲಿ ಅಗಸ್ತ್ಯೇಶ್ವರನ ಗುಡಿಯೂ ನರಸಿಂಹಸ್ವಾಮಿಯ ಗುಡಿಯೂ ಇವೆ. 2016ರ ಕೃಷ್ಣಾ ಪುಷ್ಕರದಲ್ಲಿ ಅಲ್ಲಿ ಜನ ಮಿಂದರು. ಮುಂದಿನ ಪುಷ್ಕರ 2028ಕ್ಕೆ ಬರುತ್ತದೆ.